ನೀರಿಗಿಳಿಯುವ ಚಕ್ರ

ನನ್ನ ಮಗಳು ಸಿಗ್ರಿಡ್ ಅವತ್ತು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿಕೊಂಡು ಪೇಟೆಯಿಂದ ನಮ್ಮ ಸರೋವರಕ್ಕೆ ಬರುತ್ತಿದ್ದಳು. ಅಲಾಸ್ಕಾದ ನಮ್ಮ ಕಡೆ ರಸ್ತೆ ಎನ್ನುವುದೇ ಇಲ್ಲ. ಹಿಟ್ಟು ಬೇಕೆಂದರೂ ಹಾರಬೇಕು. ನಾನೂ ನನ್ನ ಗಂಡ ಲೈಲ್ ಕೂಡ ದಡದ ಹಲಗೆಕಟ್ಟೆಯ ಮೇಲೆ ಕತ್ತು ಚಾಚಿ ನಿಂತಿದ್ದೆವು.

ನಮ್ಮ ಪುಟ್ಟ ವಿಮಾನಕ್ಕೆ ನೀರಲ್ಲಿ ತೇಲಲು ದೋಣಿಯಂಥ ಎರಡು ಕಾಲು, ಅವುಗಳಲ್ಲಿ ಮಡಚುವ ನಾಲ್ಕು ಚಕ್ರ. ನೆಲಕ್ಕಿಳಿಯುವಾಗ ಚಕ್ರ ಕೆಳಗಿರಬೇಕು, ನೀರಿಗಿಳಿಯುವಾಗ ಮೇಲಿರಬೇಕು. ಮರೆತರೆ ಚಕ್ರ ನೀರನ್ನು ಕಚ್ಚಿ ವಿಮಾನ ಲಾಗ ಹೊಡೆಯುತ್ತದೆ. ಒಳಗಿದ್ದವರು ತಲೆಕೆಳಗಾಗಿ ಮುಳುಗುತ್ತಾರೆ. ಅದಕ್ಕೇ ಇಳಿಯುವ ಮುನ್ನ ಚಕ್ರ ಮೇಲಿದೆಯೋ ಕೆಳಗಿದೆಯೋ ಎಂದು ಬಾಯಿಬಿಟ್ಟು ಹೇಳುವ ರೂಢಿ. ಲೈಲ್ ಊಟಕ್ಕೆ ಕೂತಾಗಲೂ ಮಗಳಿಂದ ಅದನ್ನು ಹೇಳಿಸಿ ಹೇಳಿಸಿ ನನಗೆ ತಲೆ ಚಿಟ್ಟು ಹಿಡಿಸಿದ್ದ.

ರೇಡಿಯೋದಲ್ಲಿ ಅವಳ ದನಿ ಬಂತು: "ನೀರಿಗೆ ಇಳಿತಿದೀನಿ. ಚಕ್ರ ಮೇಲಿದೆ!"

"ಕೇಳಿದ್ಯಾ? ಗಿಣಿ ಹಾಗೆ ಹೇಳ್ತಾಳೆ ನನ್ನ ಮಗಳು!" ಲೈಲ್ ಎದೆಯುಬ್ಬಿಸಿದ.

ಗುಡ್ಡದ ಮರೆಯಿಂದ ವಿಮಾನ ತಿರುಗಿತು. ಪೇಟೆಯ ರನ್‌ವೇ ಬಿಟ್ಟು ಎದ್ದಾಗ ಇದ್ದಂತೆಯೇ ನಾಲ್ಕೂ ಚಕ್ರ ಕೆಳಗೇ ಇದ್ದವು.

"ಗಿಣೀನೇ ಕಣೋ! ಚಕ್ರ ನೋಡು!"

ಲೈಲ್ ರೇಡಿಯೋದಲ್ಲಿ ಕಿರುಚಿದ. ಆಚೆ ದಡದ ಮುದುಕ ಹಾರ್ಲನ್ ಅದೇ ಹೊತ್ತಿಗೆ ಅದೇ ರೇಡಿಯೋದಲ್ಲಿ ತಾನು ಹಿಡಿದ ಮೀನಿನ ಪುರಾಣ ಶುರುಮಾಡಿದ್ದ. ಅದರಲ್ಲಿ ಒಬ್ಬ ಮಾತಾಡುತ್ತಿದ್ದರೆ ಇನ್ನೊಬ್ಬನದು ಬರೀ ಗೊರಗೊರ.

"ಬಾಯ್ಮುಚ್ಚೋ ಮುದಿಯಾ!" ಎಂದು ಗಂಡ ಕುಣಿದಾಡಿದ.

ನಾನು ಅವನ ಕೈಯಿಂದ ರೇಡಿಯೋ ಕಿತ್ತುಕೊಂಡು ಮೋಟಾರು ದೋಣಿಗೆ ಹಾರಿದೆ. ಹಗ್ಗ ಬಿಚ್ಚಿ, ಅವಳು ಇಳಿಯುವ ದಾರಿಗೇ ನುಗ್ಗಿಸಿದೆ. ಹೆದರಿಕೆ ಆಗಲಿಲ್ಲವೇ ಎಂದು ಆಮೇಲೆ ಎಲ್ಲರೂ ಕೇಳಿದರು. ಆಯಿತು, ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇತ್ತು. ಎದ್ದು ನಿಂತು ಎರಡೂ ಕೈ ಬೀಸಿದೆ. ವಿಮಾನ ಮುಖಕ್ಕೇ ಬಂತು, ಎಂಜಿನ್ ಅಬ್ಬರಿಸಿತು, ಚಕ್ರಗಳು ನನ್ನ ತಲೆಯ ಮೇಲೇ ಹಾದು ಮತ್ತೆ ಆಕಾಶಕ್ಕೆದ್ದವು. ನಾನು ದೋಣಿಯೊಳಗೆ ಅಂಗಾತ ಬಿದ್ದೆ. ಬಿದ್ದಲ್ಲೇ ಖುಷಿಯಿಂದ ಕೂಗಿದೆ.

ಹಾರ್ಲನ್‌ನ ಬಾಯಿ ಅಷ್ಟರಲ್ಲಿ ಬಂದ್ ಆಗಿತ್ತು.

"ಅಮ್ಮಾ, ನಿಂಗೇನು ತಲೆ ಕೆಟ್ಟಿದ್ಯಾ? ಸಾಯ್ತಿದ್ದೆ ನೀನು!"

"ನಾನಲ್ಲ ಕಣೇ, ನೀನು! ಚಕ್ರ ಕೆಳಗಿದೆ!"

"ಮೇಲಿದೆ ಅಂತ ಹೇಳಿದ್ನಲ್ಲಮ್ಮ..."

"ಬಾಯಲ್ಲಿ ಹೇಳ್ದೆ. ಕೈಯಲ್ಲಿ ಮಾಡ್ಲಿಲ್ಲ."

ಅವಳು ಸರೋವರಕ್ಕೆ ಒಂದು ದೊಡ್ಡ ಸುತ್ತು ಹಾಕಿದಳು. ನಾನು ದೋಣಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ. ಮತ್ತೆ ಗುಡ್ಡದ ಕಡೆಯಿಂದ ಇಳಿಯತೊಡಗಿದಾಗ ಅವಳು ಪಾಠ ಒಪ್ಪಿಸಲಿಲ್ಲ. ಸಣ್ಣ ದನಿಯಲ್ಲಿ ಕೇಳಿದಳು:

"ಅಮ್ಮ, ಮೇಲೆ ಹೋಗಿದೆ ಅನ್ಸತ್ತೆ. ನೀನೇ ಒಂದ್ಸಲ ನೋಡಿ ಹೇಳ್ತೀಯಾ?"

ಕಣ್ಣೊರೆಸಿಕೊಂಡು ನೋಡಿದೆ. ನಂಬಿಕೆ ಸಾಲದೆ ಮತ್ತೆ ನೋಡಿದೆ.

"ಒಂದೂ ಕಾಣ್ತಿಲ್ಲ ಕಂದಾ. ಇಳಿ."