ಗಂಗಾಧರಪ್ಪನವರ ಅಳಿಯ

"ಮುಳುಗೋ ಊರಿನ ಜನಕ್ಕೆ ಅಕ್ಷರ ಯಾತಕ್ಕಪ್ಪ?" ಎಂದು ಮಾವ ಗಂಗಾಧರಪ್ಪ ಕೇಳಿದಾಗ ಏಕಾಂತಪ್ಪ ಎಂದಿನಂತೆ ನಕ್ಕ. ನಕ್ಕದ್ದು ಯಾಕೆಂದು ಗಾಡಿ ಹಿರಿಯೂರು ದಾಟಿದ ಮೇಲೂ ಅವನಿಗೇ ತಿಳಿಯಲಿಲ್ಲ.

ಲೋವರ್ ಸೆಕೆಂಡರಿ ಪಾಸು ಮಾಡಿದವನು. ಮದುವೆಯಾದ ಮೇಲೆ ಮಾವನ ಹತ್ತಿ ಮಂಡಿಯಲ್ಲಿ ಕೂತ. ಪೇಟೆಯಲ್ಲಿ ಅವನಿಗೆ ಹೆಸರಿರಲಿಲ್ಲ. 'ಗಂಗಾಧರಪ್ಪನೋರ ಅಳಿಯ' ಎಂದರೆ ಸಾಕಾಗುತ್ತಿತ್ತು. ಉಣ್ಣಲು, ಉಡಲು ಕೊರತೆಯಿಲ್ಲ. ಯಾರೂ ಅವನನ್ನು ಏನನ್ನೂ ಕೇಳುತ್ತಿರಲಿಲ್ಲ. ಅದೂ ಒಂದು ಸುಖವೇ ಎಂದುಕೊಂಡಿದ್ದ.

ಹೋದ ವಾರ ಶಾಲೆಗಳ ಇನ್‌ಸ್ಪೆಕ್ಟರು ಕೇಳಿಬಿಟ್ಟರು. ಮಾರಿಕಣಿವೆಯ ಅಣೆಕಟ್ಟು ಮುಗಿಯುತ್ತ ಬಂದಿತ್ತು. ಹಿನ್ನೀರಿಗೆ ಸಿಕ್ಕುವ ಹಳ್ಳಿಯೊಂದನ್ನು ದಿಬ್ಬಕ್ಕೆ ಸಾಗಿಸುತ್ತಿದ್ದರು. ಅಲ್ಲಿಗೊಬ್ಬ ಮೇಷ್ಟ್ರು ಬೇಕು, ನೀವಾಗ್ತೀರಾ, ಬಂದು ನೋಡಿ ಹೇಳಿ ಎಂದಿದ್ದರು.

ಹೊರಡುವಾಗ ಹೆಂಡತಿ ಪಾರ್ವತಮ್ಮ ಬುತ್ತಿ ಕೊಟ್ಟು ಮೆಲ್ಲಗೆ ಅಂದಳು: "ಹೂಂ ಅಂದ್ರೂ ಸರಿ, ಉಹೂಂ ಅಂದ್ರೂ ಸರಿ. ಈ ಸಲ ನೀವೇ ಹೇಳಿ ಬರ್ರಿ."

ದಾರಿಯುದ್ದಕ್ಕೂ ಎರಡನ್ನೂ ಮನಸ್ಸಿನಲ್ಲೇ ಹೇಳಿ ನೋಡಿದ. ಎರಡೂ ಮಾವನ ದನಿಯಲ್ಲೇ ಕೇಳಿಸಿದವು.

ದಿಬ್ಬದ ಮೇಲೆ ಊರೆಂಬುದು ಇನ್ನೂ ಆಗಿರಲಿಲ್ಲ. ಹುಲ್ಲಿನ ಗುಡಿಸಲು, ಕುರಿ, ಬಿಸಿಲು. ದೂರದಲ್ಲಿ ಇನ್‌ಸ್ಪೆಕ್ಟರು ಜಾಲಿಮರದ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕುರಿ ಹೊಡೆದುಕೊಂಡು ಬಂದ ಸಿದ್ದಕ್ಕನೆಂಬ ಮುದುಕಿಯನ್ನು, ಶಾಲೆ ಎಲ್ಲಿ ಎಂದು ಕೇಳಿದ.

"ನೀವು ನಿಂತೀರಲ್ಲ, ಅದೇ."

ಅವನು ನಿಂತದ್ದು ಬಯಲಿನಲ್ಲಿ. ಎದುರಿಗೆ ಒಂದು ಬಾಗಿಲ ಚೌಕಟ್ಟು ಮಾತ್ರ, ಬುಡಕ್ಕೆ ಕಲ್ಲು ಒತ್ತುಕೊಟ್ಟು ನಿಲ್ಲಿಸಿದ್ದು. ಹಳೆಯ ಊರಿನ ಚಾವಡಿಯದಂತೆ. ಗೋಡೆ ಹೊತ್ತು ತರಲಾಗಲಿಲ್ಲ, ಬಾಗಿಲು ತಂದೆವು ಎಂದಳು ಮುದುಕಿ. ಆಮೇಲೆ ಅವನ ಮುಖವನ್ನೇ ನೋಡಿ ಕೇಳಿದಳು:

"ತಮ್ಮ ಹೆಸ್ರೇನು, ಮೇಷ್ಟ್ರೇ?"

ಹೇಳಿದ. ಅವನ ಬಾಯಲ್ಲಿ ಅದು ಬೇರೆ ಯಾರದೋ ಹೆಸರಿನಂತಿತ್ತು. ಮುದುಕಿ ಅದನ್ನೇ ಮತ್ತೊಮ್ಮೆ ಹೇಳಿದಾಗ ತನ್ನದೆನ್ನಿಸಿತು.

ಮರದ ಹತ್ತಿರ ಹೋಗಿ, ಇನ್‌ಸ್ಪೆಕ್ಟರು ಕೇಳುವ ಮೊದಲೇ, "ಬರ್ತೀನಿ" ಎಂದ. ದನಿ ಸಣ್ಣದು. ಆದರೆ ಮಾವನದಲ್ಲ. ಮನೆಯಲ್ಲಿ ಏನು ಹೇಳುವುದೆಂದು ಇನ್ನೂ ಹೊಳೆದಿರಲಿಲ್ಲ.

ಗಾಡಿ ಹೂಡುವ ಹೊತ್ತಿಗೆ ಕೆಳಗೆ ಕಣಿವೆಯಲ್ಲಿ ನೀರು ಹಳೆಯ ಊರಿನ ಬೇಲಿ ಮುಟ್ಟಿ ನಿಂತದ್ದು ಕಂಡಿತು. ಕುರಿಗಳು ಚೌಕಟ್ಟನ್ನು ಬಳಸಿ ಎರಡೂ ಬದಿಯಿಂದ ಹಾದುಹೋದವು. ಏಕಾಂತಪ್ಪ ಮಾತ್ರ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ಹೊಸ್ತಿಲು ದಾಟಿ ಬಯಲಿನೊಳಗೆ ಹೋದ.