ರೇವಪ್ಪನ ಆರು ಪದಗಳು

ಸತ್ತ ನೆನಪನ್ನು ಒಂದೇ ಗಂಟೆಯಲ್ಲಿ ಎಬ್ಬಿಸಿ ಕೂರಿಸಿದವರು ನಾಶಿಕದಲ್ಲಿ ಯಾರೆಂದು ಕೇಳಿ ನೋಡಿ. ಗೋದಾವರಿಯ ಮೀನುಗಳೂ ತಲೆಯೆತ್ತಿ “ಬಿಂದುಮಾಧವ” ಎಂದು ನನ್ನ ಹೆಸರನ್ನೇ ಹೇಳುತ್ತವೆ.

ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತ ನಾನು. ಮೂರೇ ವರ್ಷದಲ್ಲಿ ಮರಾಠಿಗರ ಮರಾಠಿಯನ್ನೇ ತಿದ್ದುವಷ್ಟು ಪಂಡಿತನಾಗಿದ್ದೇನೆ. ಹಾಗಾಗಿ ಕನ್ನಡ ಮಾತ್ರ ಬಲ್ಲ ಗೌಂಡಿ ರೇವಪ್ಪನಿಗೆ ನಾನೇ ದುಭಾಷಿ. ಅವನು ಇಲ್ಲಿನ ಸಾತಪುರದ ಕಟ್ಟಡವೊಂದರಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಎರಡು ತಿಂಗಳಾಗಿತ್ತು. ಮತ್ತೆ ಮೇಲೆ ಹತ್ತಬಹುದು ಎಂಬ ಚೀಟಿ ತಂದರೆ ಮಾತ್ರ ಕೆಲಸ ಎಂದಿದ್ದ ಗುತ್ತಿಗೆದಾರ.

ಚೀಟಿ ಕೊಡಬೇಕಾದವರು ನ್ಯೂರೋಸೈಕಾಲಜಿಸ್ಟ್ ಪ್ರಾಚಿ ಮೇಡಂ. ಸಂಭಾಜಿನಗರದಲ್ಲಿ ಆರು ವರ್ಷ ಪಾರ್ಶ್ವವಾಯು ರೋಗಿಗಳ ಮಾತು, ಮರೆವು ನೋಡಿಕೊಂಡು ಬಂದವರು. ತಲೆಗೆ ಪೆಟ್ಟು ಬಿದ್ದವರ ನೆನಪು, ಗಮನ ಅಳೆದು ತಿದ್ದುವುದು ಅವರ ವಿಶೇಷ. ಸೂಜಿಯಿಲ್ಲ, ಮಾತ್ರೆಯಿಲ್ಲ.

ಹತ್ತು ಪದ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ರೇವಪ್ಪನಿಗೆ ನಾಲ್ಕು ಬಂದವು. ಅರ್ಧ ಗಂಟೆಯ ಮೇಲೆ ಮೇಡಂ ಮರಾಠಿಯಲ್ಲಿ, “ಏನೇನು ನೆನಪಿದೆ?” ಎಂದರು.

ನಾನು ಉದ್ದಕ್ಕೆ ಎಳೆದೆ: “ಇಟ್ಟಿಗಿ, ಕೊಡ, ಕುದರಿ, ಛತ್ರಿ…” ಹತ್ತನ್ನೂ ಪೋಣಿಸಿ, “ಇವೆಲ್ಲಾ ನೆನಪದಾವೇನ್ರಿ ಅಂತ ಕೇಳಾಕತ್ತಾರ, ರೇವಪ್ಪ!”

ರೇವಪ್ಪ ತಲೆಯಾಡಿಸಿದ. “ಹತ್ತಕ್ಕೆ ಹತ್ತು!” ಎಂದೆ ಮೇಡಂಗೆ.

ಮೇಡಂ ಪೆನ್ನು ಕೆಳಗಿಟ್ಟರು. “ನಾನು ಆಡಿದ್ದು ಎರಡು ಮಾತು. ನೀವು?”

ನಾನು ಬಾಯಿ ತೆರೆಯುವಷ್ಟರಲ್ಲಿ ರೇವಪ್ಪನ ಹೆಂಡತಿ ಚನಬಸವ್ವ ಎದ್ದು ನಿಂತು, ಕೆಲಸದ ಜಾಗದಲ್ಲಿ ಕಲಿತ ಮರಾಠಿಯಲ್ಲಿ, ಹತ್ತೂ ಪದ ನಾನೇ ಹೇಳಿಕೊಟ್ಟದ್ದನ್ನು ಹೇಳಿಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, “ಸಾಹೇಬ್ರ, ಸೋಮವಾರ ಇವ್ರು ಎಂಟನೇ ಮಜಲಿಗೆ ಹತ್ತಬೇಕು. ಮತ್ತ ತೆಲಿ ತಿರುಗಿ ಬಿದ್ರ ನೀವು ಕೆಳಗ ನಿಂತು ಹಿಡಿತೀರೇನ್ರಿ?”



ಮೇಡಂ ಬೇರೆ ಹತ್ತು ಪದ ತೆಗೆದರು. ಈ ಸಲ ಚನಬಸವ್ವ ನನ್ನ ಪಕ್ಕದಲ್ಲೇ ಕಾವಲು ಕೂತಳು. ಅರ್ಧ ಗಂಟೆ ಕಳೆಯಿತು. ರೇವಪ್ಪ ಕಣ್ಣು ಮುಚ್ಚಿ, ಒಂದೊಂದು ಬೆರಳು ಮಡಚುತ್ತಾ ಹೋದ. ಆರು.

“ಚೆನ್ನಾಗಿದೆ. ಇದು ಇನ್ನೂ ಏರುತ್ತದೆ,” ಎಂದರು ಮೇಡಂ. “ವಾರಕ್ಕೊಮ್ಮೆ ಇಲ್ಲಿ ಅಭ್ಯಾಸ. ಮೂರು ತಿಂಗಳು ನೆಲದ ಮೇಲಿನ ಕೆಲಸ ಮಾಡಲಿ, ಆಮೇಲೆ ಮತ್ತೆ ನೋಡೋಣ.” ಹಾಗೆಂದೇ ಚೀಟಿ ಬರೆದುಕೊಟ್ಟರು.

ರೇವಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದ. “ಆರೂ ನನ್ನವ ಅದಾವಲ್ರೀ ಸಾಹೇಬ್ರ?”

“ನಿಮ್ಮವ ರೀ.”

“ಹೊರಗ ಹೋಗಿ ಮತ್ತ ನಾನ ನೆನಪು ತರಿಸಿದೆ ಅಂತ ಹೇಳ್ಕೋಂತ ತಿರಗಬ್ಯಾಡ್ರಿ,” ಎಂದಳು ಚನಬಸವ್ವ.

ತಿರುಗಿದೆ, ಮೇಲೆ ನೀವೇ ಓದಿದಿರಿ. ನಿಜ ಇಷ್ಟೇ: ಆ ಹತ್ತು ನನ್ನವು, ಈ ಆರು ರೇವಪ್ಪನವು. ನನ್ನ ಹತ್ತಕ್ಕೆ ಮೇಡಂ ಅಡ್ಡಗೆರೆ ಎಳೆದರು.