ಬಾಕಿ ಉಳಿದ ಹೋಗಿಬರ್ತೀನಿ

ಚಳಿಗಾಲ ಹಿಂದೆ ಸರಿಯುತ್ತಿತ್ತು. ಕುರಿಗಳು ಈಯುವ ಕಾಲ. ಹೊತ್ತು ಏರುವ ಮೊದಲೇ ದೊಡ್ಡಿಯಲ್ಲಿ ದೊಡ್ಡಪ್ಪನ ಕೆಲಸ ಶುರುವಾಗಿತ್ತು. ಹುಟ್ಟುತ್ತಲೇ ಸತ್ತ ಮರಿಯೊಂದರ ತೊಗಲನ್ನು ಹರಿಯದಂತೆ ಬಿಡಿಸಿ, ತಾಯಿ ಇಲ್ಲದ ಇನ್ನೊಂದು ಮರಿಗೆ ಅಂಗಿಯ ಹಾಗೆ ತೊಡಿಸುತ್ತಿದ್ದ. ಮರಿ ಕಳೆದುಕೊಂಡ ಕುರಿ ಹತ್ತಿರ ಬಂದು ಬಾಲದ ಬುಡ ಮೂಸಿತು. ಅನುಮಾನದಿಂದ ದೂರ ಹೋಗಿ, ತಿರುಗಿ ಬಂದು ಮತ್ತೆ ಮೂಸಿತು. ಆಮೇಲೆ ಗಂಟಲಲ್ಲೇ ಏನೋ ಗುನುಗುತ್ತಾ ಮರಿಯನ್ನು ಕೆಚ್ಚಲಿಗೆ ಬಿಟ್ಟುಕೊಂಡಿತು.

ಆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ದೊಡ್ಡಪ್ಪ, ದೊಡ್ಡಮ್ಮ ಎಂಬುದೇ ಹೆಸರಾಗಿತ್ತು. ಹಾಗೆ ಮಾಡಿದವಳು ಕುಳ್ಳಿ. ಅವಳು ದೊಡ್ಡಮ್ಮನ ತಂಗಿಯ ಮಗಳು. ಇನ್ನೂ ಎದೆಹಾಲು ಕುಡಿಯುತ್ತಿದ್ದಾಗಲೇ ತಾಯಿ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಳು. ಮಗುವನ್ನು ದೊಡ್ಡಮ್ಮ ಕುರಿಯ ಹಾಲು ಹಾಕಿ ಸಾಕಿದಳು. ಈಗ ತಂಗಿ ಗುಣವಾಗಿ ಬಂದಿದ್ದಳು, ಮಗಳನ್ನು ಪಟ್ಟಣದ ಮನೆಗೆ ಕರೆದುಕೊಂಡು ಹೋಗಲು. ಕುಳ್ಳಿಯೋ, ಓಡಾಡಲು, ಮಾತಾಡಲು, ಜಗಳವಾಡಲು ಕಲಿತಿದ್ದಳು. ತಾಯಿ ಕೈ ಚಾಚಿದರೆ ದೊಡ್ಡಮ್ಮನ ಮೊಣಕಾಲಿನ ಹಿಂದೆ ಅಡಗುತ್ತಿದ್ದಳು.

ತಂಗಿ ಬೇಲಿಯ ಆಚೆ ನಿಂತು ಕುರಿಯನ್ನೇ ನೋಡುತ್ತಿದ್ದಳು.

“ಇದಕ್ಕೆ ಮರಿಯ ಮುಖಕ್ಕಿಂತ ವಾಸನೆಯೇ ಹೆಚ್ಚು,” ಎಂದ ದೊಡ್ಡಪ್ಪ. “ನೀನೂ ನಿಮ್ಮಕ್ಕನ ಸ್ವೆಟರ್ ಹಾಕ್ಕೊಂಡು ಕೂತ್ಕೋ. ಕುಳ್ಳಿ ತಾನಾಗೇ ಬರ್ತಾಳೆ.”

“ನಾನೇನು ಕುರಿನಾ ಭಾವ?”

“ನಿನ್ನನ್ನ ಕುರಿ ಅಂದ್ರೆ ಕುರಿಗಳು ನನ್ನ ಸುಮ್ನೆ ಬಿಡ್ತವಾ!”

ಅವನು ತಮಾಷೆಗೆ ಹೇಳಿದ್ದ. ದೊಡ್ಡಮ್ಮ ಅದನ್ನು ಮನಸ್ಸಿಗೆ ಹಾಕಿಕೊಂಡಳು. ಇಷ್ಟು ವರ್ಷ ಕಣ್ಣೆದುರಿಗೇ ನಡೆದದ್ದು, ಎಂದೂ ತಪ್ಪದ ಉಪಾಯ. ಉಣ್ಣೆಯ ಜಿಡ್ಡು, ಒಲೆಯ ಹೊಗೆ, ಬೆವರು ಎಲ್ಲ ಕೂಡಿದ್ದ ತನ್ನ ಹಳೆಯ ಸ್ವೆಟರನ್ನು ಸಂಜೆ ತೆಗೆದು ತಂಗಿಗೆ ಕೊಟ್ಟಳು. ನಿದ್ದೆಗಣ್ಣಿನಲ್ಲಿ ತೂಗಾಡುತ್ತಿದ್ದ ಕುಳ್ಳಿ ಬಂದು ಆ ತೋಳಿಗೆ ಮುಖ ಒತ್ತಿ ಮಲಗಿಬಿಟ್ಟಳು. ತಂಗಿ ಉಸಿರು ಬಿಗಿಹಿಡಿದು ಕೂತಿದ್ದಳು, ಕಣ್ಣಲ್ಲಿ ನೀರು. ದೊಡ್ಡಮ್ಮ ಬರಿಯ ಕುಪ್ಪಸದಲ್ಲಿ ಚಳಿಗೆ ಕೈ ಕಟ್ಟಿಕೊಂಡು ನಿಂತಿದ್ದಳು.

ಬೆಳಗಿನ ಮೊದಲ ಬಸ್ಸಿಗೆ ತಂಗಿ ಮಲಗಿದ್ದವಳನ್ನು ಹಾಗೇ ಎತ್ತಿಕೊಂಡು ಹೋದಳು. ಎಚ್ಚರವಾದರೆ ತನ್ನನ್ನು ಹುಡುಕುತ್ತಾಳೆಂದು ದೊಡ್ಡಮ್ಮ ಕುರಿಗಳ ನಡುವೆ ಅಡಗಿ ಕುಕ್ಕರಿಸಿದ್ದಳು. ಬಸ್ಸಿನ ಸದ್ದು ಅಡಗಿದ ಮೇಲೆ ಎದ್ದಳು. “ಒಂದು ಹನಿ ಕಣ್ಣೀರಿಲ್ಲದೆ ಹೋದ್ಲು, ಕಂದ,” ಎಂದಳು.

ಪಟ್ಟಣದಿಂದ ಬಂದ ಸುದ್ದಿ ಮೊದಮೊದಲು ಒಳ್ಳೆಯದೇ ಇತ್ತು. ಹಟವಿಲ್ಲ, ರಗಳೆಯಿಲ್ಲ, ಕೊಟ್ಟದ್ದನ್ನು ತಿನ್ನುತ್ತಾಳೆ. ಆಮೇಲೆ ತಂಗಿಯ ದನಿ ಫೋನಿನಲ್ಲಿ ಇಳಿಯತೊಡಗಿತು. “ಅಕ್ಕಾ, ಮಾತೇ ಆಡಲ್ಲ. ಮೇಜಿನ ಕೆಳಗೆ ಕೂತ್ಕೋತಾಳೆ. ನಿನ್ನ ಸ್ವೆಟರ್ ಕೊಟ್ರೆ ಎಸೆದುಬಿಡ್ತಾಳೆ. ಡಾಕ್ಟರಮ್ಮ ನಿನ್ನನ್ನ ಕರ್ಕೊಂಡು ಬಾ ಅಂದ್ರು.”

ಡಾಕ್ಟರಮ್ಮ ಮಕ್ಕಳ ಮನಸ್ಸಿಗೆ ಔಷಧಿ ಮಾಡುವವಳು. ಅವಳ ಕೋಣೆಯಲ್ಲಿ ಸೂಜಿ, ಸೀಸೆ ಏನೂ ಇರಲಿಲ್ಲ. ನೆಲದ ಮೇಲೆ ಮರದ ಬೊಂಬೆಗಳಿದ್ದವು. ದೊಡ್ಡಮ್ಮ ಕುರಿಮರಿಯ ತೊಗಲಿನ ಉಪಾಯ, ಸ್ವೆಟರಿನ ವಿಷಯ ಮುಚ್ಚಿಡದೆ ಹೇಳಿದಳು.

“ಅಳಲಿಲ್ಲ ಅಂತ ಸಮಾಧಾನ ಆಯ್ತಾ ನಿಮಗೆ?”

“ಆಯ್ತಲ್ಲಮ್ಮಾ. ಅತ್ತಿದ್ರೆ ನನ್ನ ಕೈಲಿ ಬಿಟ್ಟುಕೊಡೋಕೆ ಆಗ್ತಿರ್ಲಿಲ್ಲ.”

“ಹಿಂದಿನ ದಿನ ಏನಾದ್ರೂ ಜಗಳ ಆಗಿತ್ತಾ?”

ದೊಡ್ಡಮ್ಮ ನೆನಪಿಸಿಕೊಂಡಳು. ಆಗಿತ್ತು. ತಾಯಿಯ ಹತ್ತಿರ ಹೋಗೆಂದು ತಾನು ದೂಡಿದ್ದಕ್ಕೆ ಕುಳ್ಳಿ ಕೈ ಕಚ್ಚಿದ್ದಳು, “ದೊಮ್ಮ ಬೇಡ, ಹೋಗು” ಎಂದು ಕಿರುಚಿದ್ದಳು.

“ಈ ವಯಸ್ಸಿನ ಮಗೂಗೆ ಸಿಟ್ಟು ಅಂದ್ರೆ ಬೆಂಕಿ ಇದ್ದ ಹಾಗೆ,” ಎಂದಳು ಡಾಕ್ಟರಮ್ಮ ನಿಧಾನವಾಗಿ. “ಹೋಗು ಅಂತಾಳೆ, ಮರುದಿನ ಎದ್ರೆ ನೀವು ನಿಜವಾಗ್ಲೂ ಇಲ್ಲ. ತಾನು ಕಚ್ಚಿದ್ದಕ್ಕೇ ನೀವು ಮುಗಿದುಹೋದ್ರಿ ಅಂದ್ಕೊಂಡಿರ್ತಾಳೆ. ಈಗ ಇನ್ನೊಬ್ಬ ತಾಯಿನ ಪ್ರೀತಿ ಮಾಡೋಕೂ ಹೆದರಿಕೆ, ಬೈಯೋಕೂ ಹೆದರಿಕೆ. ಮರಿಗೆ ಹಾಲು ಸಿಕ್ರೆ ಸಾಕು. ಇವಳಿಗೆ ಸಾಲದು.”

“ತಪ್ಪು ಮಾಡಿದೆ ಅಲ್ವಾ?”

“ಒಂದು ಹೋಗಿಬರ್ತೀನಿ ಬಾಕಿ ಇಟ್ಕೊಂಡಿದ್ದೀರಿ. ಎದುರು ನಿಂತು ಹೇಳಿ. ಅಳ್ತಾಳೆ. ಅಳಲಿ.”

“ಅಳದೇ ಇದ್ರೆ?”

ಡಾಕ್ಟರಮ್ಮ ಬೊಂಬೆಯೊಂದನ್ನು ಎತ್ತಿ ಸರಿಯಾಗಿ ಕೂರಿಸಿದಳು. “ಅದು ನನಗೂ ಗೊತ್ತಿಲ್ಲ.”

ತಂಗಿಯ ಮನೆ ಎರಡೇ ಕೋಣೆಯದು. ಕುಳ್ಳಿ ಮೇಜಿನ ಕೆಳಗಿದ್ದಳು. ದೊಡ್ಡಮ್ಮನನ್ನು ನೋಡಿದಳು, ಅಪರಿಚಿತರನ್ನು ನೋಡಿದಂತೆ. ಗೋಡೆಗೆ ಮುಖ ಮಾಡಿದಳು. ದೊಡ್ಡಮ್ಮ ಮೇಜಿನ ಪಕ್ಕ ನೆಲದ ಮೇಲೆ ಕೂತಳು. ತೊಡೆಯ ಮೇಲೆ ಎತ್ತಿಕೊಳ್ಳುವ ಆಸೆಯನ್ನು ಅದುಮಿಕೊಂಡಳು. ಮಧ್ಯಾಹ್ನವೆಲ್ಲ ಹಾಗೇ ಕೂತು ಯಾವ ಕುರಿ ಈಯಿತು, ಯಾವುದು ಬೇಲಿ ಹಾರಿತು, ದೊಡ್ಡಪ್ಪ ಹೇಗೆ ಜಾರಿ ಬಿದ್ದ ಎಂದೆಲ್ಲ ಗೋಡೆಗೆ ಹೇಳುವವಳಂತೆ ಹೇಳುತ್ತಾ ಹೋದಳು. ಬಿಸಿಲು ಕಿಟಕಿಯಿಂದ ಕೆಳಗಿಳಿಯಿತು.

ಕೊನೆಗೆ ಮೇಜಿನ ಕೆಳಗೆ ಕೈ ಚಾಚಿದಳು. “ಕಚ್ಚಿದ್ದೆಯಲ್ಲಾ, ನೋಡು. ಕೈ ಇದೆ. ದೊಮ್ಮನೂ ಇದಾಳೆ. ನಿನ್ನ ಸಿಟ್ಟಿಗೆ ನಂಗೆ ಏನೂ ಆಗಿಲ್ಲ.”

ಕುಳ್ಳಿ ತಿರುಗಿದಳು. ಕೈಯನ್ನು ಹಿಂದೆ ಮುಂದೆ ಮಾಡಿ ನೋಡಿದಳು, ಒಂದು ಬೆರಳು ಹಿಡಿದುಕೊಂಡಳು.

“ನೀನು ಇಲ್ಲೇ ಅಮ್ಮನ ಹತ್ರ ಇರ್ತೀಯ. ನಾನೀಗ ಊರಿಗೆ ಹೋಗ್ತೀನಿ, ಚಿನ್ನ. ಮತ್ತೆ ಬರ್ತೀನಿ. ಅವತ್ತು ಹೇಳ್ದೆ ಇದ್ದದ್ದು ತಪ್ಪಾಯ್ತು. ಹೋಗಿಬರ್ತೀನಿ.”

ಆಮೇಲೆ ಮಗುವಿನ ಬಾಯಿ ತೆರೆಯಿತು, ದನಿ ಬರುವುದಕ್ಕೆ ಹೊತ್ತು ಹಿಡಿಯಿತು. ಬಂದಾಗ ಮನೆಯೇ ನಡುಗಿತು. “ದೊಮ್ಮಾ!” ಕುಳ್ಳಿ ಹೊರಗೆ ನುಗ್ಗಿ ದೊಡ್ಡಮ್ಮನ ಕೊರಳಿಗೆ ಜೋತುಬಿದ್ದಳು. ತಂಗಿ ಬಿಡಿಸಿ ಎತ್ತಿಕೊಂಡರೆ ತಾಯಿಯ ಎದೆಗೆ, ಮುಖಕ್ಕೆ ಗುದ್ದಿದಳು. ತಂಗಿ ಮುಖ ತಿರುಗಿಸಲಿಲ್ಲ. “ಹೊಡಿ ಕಂದ, ನಾನೆಲ್ಲೂ ಹೋಗಲ್ಲ,” ಎನ್ನುತ್ತಾ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ದೊಡ್ಡಮ್ಮ ಬೀದಿಗಿಳಿದು, ತನ್ನನ್ನು ಕುಳ್ಳಿ ನೋಡಲೆಂದು ಎರಡು ಸಲ ನಿಂತು ಕೈ ಬೀಸಿದಳು. ಅಳು ತಿರುವಿನವರೆಗೂ ಹಿಂದೆ ಬಂತು.

ಮಗುವಿಗೆ ಬಾಕಿ ಇದ್ದ ಹೋಗಿಬರ್ತೀನಿ ಹೇಳಿಯಾಗಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಬಂದು, “ಎಲ್ಲಿಗಮ್ಮಾ?” ಎಂದು ಕೇಳಿದ. ದಿನವೂ ಆಡುವ ಊರ ಹೆಸರು ಹೇಳಲಾಗದೆ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಅವಳ ಮುಖ ನೋಡಿ, “ಆಮೇಲೆ ಹೇಳಿ, ಪರವಾಗಿಲ್ಲ,” ಎಂದು ಮುಂದಿನ ಸೀಟಿಗೆ ಹೋದ.